ಎರಡು ಬೆರಳಿಗೆ ಐದು ಗಿಗಾಹರ್ಟ್ಸ್

ಪರಸ್ಪರ ಬದ್ಧವೈರಿಗಳೂ ನಮ್ಮ ಅಂಗಡಿಯ ಮಟ್ಟಿಗೆ ಸಮಾನ ಪೂಜ್ಯರೂ ಆದ ಇಬ್ಬರು ಪ್ರೊಸೆಸರ್ ತಯಾರಕರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಯಾರ ಹೆಸರನ್ನು ಮೊದಲು ಬರೆದರೂ ಇನ್ನೊಬ್ಬರು ಮುಖ ಊದಿಸಿಕೊಂಡಾರೆಂದು ಹೆಸರನ್ನೇ ಬರೆಯದೆ, ಇಬ್ಬರಿಗೂ ಒಂದೇ ಅಳತೆಯ ನಮಸ್ಕಾರ ಸಲ್ಲಿಸಿ ಈ ದೂರನ್ನು ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ನಾನೂ ನನ್ನ ಷಡ್ಡಕನೂ ಪಾಲುದಾರಿಕೆಯಲ್ಲಿ ಒಂದು ಜೆರಾಕ್ಸ್ ಅಂಗಡಿ ನಡೆಸುತ್ತೇವೆ. ಮೇಜು ಒಂದು, ಕಂಪ್ಯೂಟರು ಎರಡು; ನನ್ನದರೊಳಗೆ ತಮ್ಮಲ್ಲೊಬ್ಬರ ಪ್ರೊಸೆಸರ್, ಅವನದರೊಳಗೆ ಇನ್ನೊಬ್ಬರದು. ಒಬ್ಬರು ತಮ್ಮ ವೇಗ ಮೂರೂಕಾಲು ಗಿಗಾಹರ್ಟ್ಸ್ ಎಂದು ಸಾರಿದ ದಿನ ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ. ಇನ್ನೊಬ್ಬರು ಮೂರೂವರೆ ಎಂದ ದಿನ ಷಡ್ಡಕ ಸಂಜೆಯವರೆಗೂ ಸಿಳ್ಳೆ ಹಾಕಿದ. ಹೀಗೆ ತಾವಿಬ್ಬರೂ ಮೆಟ್ಟಿಲು ಹತ್ತಿದಂತೆಲ್ಲ ನಾವಿಬ್ಬರೂ ಹೊಸ ಹೊಸದನ್ನು ಕೊಂಡು ಹಿಂದೆಯೇ ಹತ್ತಿ, ಈಗ ಐದರ ಆಸುಪಾಸಿನಲ್ಲಿ ಏದುಸಿರು ಬಿಡುತ್ತ ನಿಂತಿದ್ದೇವೆ. ಫ್ಯಾನುಗಳ ಗಾಳಿ ಎಷ್ಟು ಬಿಸಿಯೆಂದರೆ, ಪಕ್ಕದ ಟೈಲರ್ ಒದ್ದೆ ಬಟ್ಟೆಯನ್ನು ನಮ್ಮ ಮೇಜಿನ ಹಿಂದೆಯೇ ಹರವುತ್ತಾನೆ. ಈ ಉಪಕಾರಕ್ಕೆ ಅವನ ಪರವಾಗಿಯೂ ವಂದನೆಗಳು.

ವಿಷಯಕ್ಕೆ ಬರುತ್ತೇನೆ. ನಮ್ಮ ಮಾವ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಆ ವಿದ್ಯೆಯನ್ನೆಲ್ಲ ಮುನ್ನೂರ ಹನ್ನೆರಡು ಪುಟ ಕೈಯಲ್ಲೇ ಬರೆದಿಟ್ಟಿದ್ದರು. ತಿಂಗಳ ಕೊನೆಯೊಳಗೆ ಅಚ್ಚುಕಟ್ಟಾಗಿ ಟೈಪಾದ ಪ್ರತಿ ಕೈಸೇರಿದರೆ ತರಗತಿಯಲ್ಲಿ ಇದನ್ನೇ ಪಾಠ ಮಾಡುವುದಾಗಿ ತಾಂತ್ರಿಕ ಶಾಲೆಯ ಮೇಷ್ಟರು ಮಾತು ಕೊಟ್ಟಿದ್ದರು. ಮಾವ ಅರ್ಧ ನನಗೂ ಅರ್ಧ ಷಡ್ಡಕನಿಗೂ ಹಂಚಿ, ಇಂಥ ಅಳಿಯಂದಿರು ಯಾರಿಗುಂಟು ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ಅಳಿಯಂದಿರಾದರೋ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಒಟ್ಟಿಗೇ ಸ್ವಿಚ್ ಒತ್ತಿ, ಯಾರ ಪರದೆ ಮೊದಲು ಬೆಳಗುತ್ತದೆಂದು ಉಸಿರು ಬಿಗಿಹಿಡಿದು ನೋಡುವವರು. ಫೈಲು ತುಂಬಿದರೆ ಯಂತ್ರ ಭಾರವಾಗಿ ಮರುದಿನ ಸೋತೀತೆಂದು, ನಾನು ಎರಡು ಬೆರಳಲ್ಲೂ ಷಡ್ಡಕ ಒಂದೇ ಬೆರಳಲ್ಲೂ ಕುಟ್ಟಿದ್ದನ್ನು ಸಂಜೆ ಪ್ರಿಂಟ್ ತೆಗೆದು, ಪೂರ್ತಿ ಅಳಿಸಿ ಮನೆಗೆ ಹೋಗುತ್ತಿದ್ದೆವು. ಮಾವ ತಪ್ಪು ತಿದ್ದಿ ಕೊಟ್ಟರೆ ಮತ್ತೆ ಮೊದಲನೇ ಪುಟದಿಂದ ಶುರು. ಮೂರನೇ ವಾರ ನನ್ನವಳೂ ನಾದಿನಿಯೂ ಅಂಗಡಿಗೆ ಬಂದಾಗ, ನನ್ನ ಯಂತ್ರ ನಾಲ್ಕೇ ಸೆಕೆಂಡಿನಲ್ಲಿ ಏಳುತ್ತದೆಂದು ಹೆಮ್ಮೆಯಿಂದ ತಿಳಿಸಿದೆ.

"ಅದು ಎದ್ದಿದ್ದು ಗೊತ್ತಾಯ್ತು, ನೀವಿಬ್ರೂ ಏಳಿ" ಎಂದಳು ನನ್ನವಳು.

ಎದ್ದೆವು. ಅಕ್ಕತಂಗಿಯರು ಆ ಕುರ್ಚಿಗಳಲ್ಲಿ ಕೂತು ಹತ್ತತ್ತು ಬೆರಳಲ್ಲಿ ಟೈಪ್ ಮಾಡಿದರು; ಮಾಡಿದ್ದನ್ನು ಉಳಿಸಿಕೊಂಡರು. ನಾವು ಚಹಾ ತಂದುಕೊಟ್ಟೆವು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳಿವೆ. ನಾನು ಒಂದು ಅಕ್ಷರ ಒತ್ತಿ ಮುಂದಿನದನ್ನು ಹುಡುಕುವಷ್ಟರಲ್ಲಿ ತಮ್ಮ ಪ್ರೊಸೆಸರ್ ಐನೂರು ಕೋಟಿ ಸಲ ಮಿಡಿದಿರುತ್ತದಂತೆ. ಅದರಲ್ಲಿ ಹತ್ತು ಮಿಡಿತವನ್ನಾದರೂ ನನ್ನ ತೋರುಬೆರಳಿಗೆ ವರ್ಗಾಯಿಸಬೇಕು. ಅದಾಗದಿದ್ದರೆ ಅಕ್ಷರ ಸಿಗುವವರೆಗೆ ಅದು ಸುಮ್ಮನೆ ಕೂರುವ ಬದಲು ಅಂಗಡಿ ಗುಡಿಸುವಂತೆ ಮಾಡಬೇಕು. ಇಲ್ಲವೇ ತಾವಿಬ್ಬರೂ ಒಂದೇ ಮನೆಯ ಅಳಿಯಂದಿರಾಗಿ, ಒಬ್ಬರೇ ಮಾವನ ಎದುರು ಕೈಕಟ್ಟಿ ನಿಂತು, ವೇಗವೆಂದರೇನೆಂದು ಕಲಿಯಬೇಕು.

ಗಡುವಿಗೆ ಎರಡು ದಿನ ಮುಂಚೆಯೇ ಪುಸ್ತಕ ಮುಗಿದು, ಮೇಷ್ಟರು ಅದನ್ನು ಒಪ್ಪಿಕೊಂಡು, ಮಾವ ಈಗ ಶಾಲೆಯ ಮುಂದೆ ಕಾರಣವಿಲ್ಲದೆ ದಿನಕ್ಕೆರಡು ಸಲ ಹಾದುಹೋಗುತ್ತಾರೆ. ಮುನ್ನುಡಿಯಲ್ಲಿ ಹೆಣ್ಣುಮಕ್ಕಳನ್ನು ಹರಸಿ, ಕೊನೆಗೆ ಹೀಗೆ ಬರೆದಿದ್ದಾರೆ: "ಕಂಪ್ಯೂಟರುಗಳಿಂದ ದೂರವಿದ್ದು ಸಹಕರಿಸಿದ ಅಳಿಯಂದಿರಿಬ್ಬರಿಗೂ ನಾನು ಋಣಿ."

ಇಂತು, ತಮ್ಮಿಬ್ಬರ ಮೇಲೂ ಸರಿಸಮನಾಗಿ ವಿಶ್ವಾಸ ಕಳೆದುಕೊಂಡ,
ತಮ್ಮ ವಿಶ್ವಾಸಿ,
ಚಹಾ ವಿಭಾಗದ ಹಿರಿಯ ಪಾಲುದಾರ

ತಾ.ಕ.: ಇಷ್ಟು ವೇಗದ ಯಂತ್ರಗಳನ್ನು ಇಟ್ಟುಕೊಂಡೂ ತಿಂಗಳೊಳಗೆ ತಮ್ಮಿಂದ ಉತ್ತರ ಬಾರದಿದ್ದರೆ, ತಮ್ಮ ಕಚೇರಿಯಲ್ಲೂ ಯಾರೋ ಇಬ್ಬರು ಷಡ್ಡಕರಿದ್ದಾರೆಂದು ತಿಳಿದುಕೊಂಡು ಕ್ಷಮಿಸಿಬಿಡುತ್ತೇನೆ.