ಒಗ್ಗರಣೆ ಡಬ್ಬಿಯ ಸ್ಲೈಡುಗಳು

"ಒಂದೇ ಸಾಸಿವೆ ಸಾರಿಗೂ ಬೀಳುತ್ತೆ, ಪಲ್ಯಕ್ಕೂ ಬೀಳುತ್ತೆ, ಚಿತ್ರಾನ್ನಕ್ಕೂ ಬೀಳುತ್ತೆ. ಅಡುಗೆಗೊಂದು ಸಾಸಿವೆ ಅಂತ ಬೇರೆ ಬೇರೆ ಬೆಳೀತೀವೇನೇ ವಸೂ?" ಎಂದರು ನಮ್ಮ ಅತ್ತೆ ಅಂಬುಜಾಕ್ಷಮ್ಮ.

"ಇಲ್ಲ ಅತ್ತೆ."

"ಮತ್ತೆ ನಿನ್ನ ಎಲೆಯ ಸ್ಲೈಡು ಒಂದೊಂದು ಫೈಲಲ್ಲಿ ಒಂದೊಂದು ಥರ ಯಾಕಿದೆ?"

ನಾನು ತುಮಕೂರಿನ ಒಂದು ಮಹಿಳಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಹಳೆಯ ಪ್ರೆಸೆಂಟೇಷನ್ನಿನಿಂದ ಸ್ಲೈಡು ಎತ್ತಿ ಹೊಸದಕ್ಕೆ ಅಂಟಿಸುತ್ತಾ, ಫೈಲುಗಳಿಗೆ 'ಕೊನೆಯದು', 'ನಿಜವಾಗಿ ಕೊನೆಯದು', 'ದಯವಿಟ್ಟು ಇದೇ ಕೊನೆಯದು' ಎಂದು ಹೆಸರಿಡುತ್ತಾ ಬಂದಿದ್ದೆ. ಮರುದಿನ ಪರಿಶೀಲನಾ ಸಮಿತಿ ಬರುವುದಿತ್ತು. ನನ್ನ ಪ್ರೆಸೆಂಟೇಷನ್ ಅವರಿಗೆ ಹಿಡಿಸದಿದ್ದರೆ ನಮ್ಮ ವಿಭಾಗಕ್ಕೆ ಬೀಗ. ನಾನು ಕೈಯಾರೆ ಬೆಳೆಸಿದ ಔಷಧಿವನದ ಜಾಗದಲ್ಲಿ ಸ್ಕೂಟರ್ ಸ್ಟ್ಯಾಂಡ್!

ಅತ್ತೆ ಭೌತಶಾಸ್ತ್ರದ ನಿವೃತ್ತ ಅಧ್ಯಾಪಕಿ. ಏನಾದರೊಂದು ಹೊಸ ಯಂತ್ರ ಕಟ್ಟದೆ ಅವರು ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ. ಅಡುಗೆಮನೆಯದರಂತೆಯೇ ಇದ್ದ ಒಂದು ಸ್ಟೀಲಿನ ಒಗ್ಗರಣೆ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅದರ ವೈರನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಡಬ್ಬಿ ಮಿಕ್ಸಿಯಂತೆ ಗುರ್ರೆಂದಿತು. ನನ್ನ ಪ್ರೆಸೆಂಟೇಷನ್‌ಗಳೆಲ್ಲ ಅರೆಸಿಕೊಂಡು, ಸೋಸಿಸಿಕೊಂಡು, ಅದರೊಳಗಿನ ಏಳು ಬಟ್ಟಲಲ್ಲಿ ತಾವಾಗಿಯೇ ಕೂತವು! ಸ್ವಾಗತ ಸಾಸಿವೆಯಂತೆ, ಅಂಕಿಅಂಶ ಜೀರಿಗೆಯಂತೆ, ಚಿತ್ರಗಳು ಕಡಲೆಬೇಳೆಯಂತೆ, ವಂದನಾರ್ಪಣೆ ಕಾಳುಮೆಣಸಿನಂತೆ.

ಅತ್ತೆ ಕಾದ ಸೌಟಿಗೆ ಒಂದು ಚಿಟಿಕೆ ಹಾಕಿದರು. ಚಟ್! ಬೆಳಕು ಮೇಲೆದ್ದು ಗೋಡೆಯ ಮೇಲೆ ಸ್ಲೈಡು ನಿಂತಿತು. ಎಷ್ಟು ತೆಗೆದರೂ ಬಟ್ಟಲು ತುಂಬಿಯೇ ಇತ್ತು.

"ಅತ್ತೆ, ನಿಮ್ಮಂಥೋರು ಇನ್ನೊಬ್ಬರಿಲ್ಲ!"

"ಇಸ್ತ್ರಿ ಯಂತ್ರಾನೂ ಹೀಗೇ ಹೊಗಳಿದ್ದೆ," ಎಂದರು ಮಾವ ಸೀತಾಪತಿ, ಪೇಪರಿನ ಹಿಂದಿನಿಂದ. "ನನ್ನ ಪಂಚೆ ಇನ್ನೂ ಚಾವಣಿಯಿಂದ ಇಳಿದಿಲ್ಲ."

"ಹಾರೋ ಪಂಚೆ ಬೇರೆ ಯಾರ ಮನೇಲಿದೆ, ತೋರಿಸಿ ನೋಡೋಣ!" ಎಂದ ಅತ್ತೆ, "ಯಾಕೋ ಸಪ್ಪೆಯಾಯ್ತು," ಎಂದು ಸ್ವಾಗತವನ್ನು ಇನ್ನಷ್ಟು ಉದುರಿಸಿದರು. ಗೋಡೆ, ಫ್ರಿಜ್ಜು, ಮಾವನ ಬೋಳುತಲೆ ಎಲ್ಲದರ ಮೇಲೂ 'ಸುಸ್ವಾಗತ' ಬಿತ್ತು!

ಸಮಿತಿ ಬಂದರೆ ಮೊದಲು ತಿಂಡಿ, ಆಮೇಲೆ ತಪಾಸಣೆ ಎಂಬುದು ನಮ್ಮ ಕಾಲೇಜಿನ ಕಟ್ಟಳೆ. ಉಪ್ಪಿಟ್ಟು ಮಾವನ ಕೈಯದೇ ಆಗಬೇಕು. ಬೆಳಿಗ್ಗೆ ಅವರು ಮಾಡಿಕೊಟ್ಟ ಉಪ್ಪಿಟ್ಟನ್ನೂ ಡಬ್ಬಿಯನ್ನೂ ಹೊತ್ತು ಹೋದೆ. ಅಧ್ಯಕ್ಷರಾದ ಡಾ. ವೀರಭದ್ರಪ್ಪನವರೂ ಸದಸ್ಯೆ ಪ್ರೊ. ಕುಸುಮಾವತಿಯವರೂ ಕೇಳಿ ಕೇಳಿ ಹಾಕಿಸಿಕೊಂಡರು. ನಾನು ಒಳಕೋಣೆಯಲ್ಲಿ ಕಡೆಯ ಬಾರಿ ಪರೀಕ್ಷಿಸಲೆಂದು ಸೌಟು ಕಾಯಿಸಿ ಚಿಟಿಕೆ ಹಾಕಿದೆ. ಚಟಪಟ ಎಂದಿತು. ಗೋಡೆಯ ಮೇಲೆ ಏನೂ ಬೀಳಲಿಲ್ಲ. ಘಮ ಮಾತ್ರ ಬಂತು. ಅದು ನಿಜವಾದ ಸಾಸಿವೆ!

ತಕ್ಷಣ ಮನೆಗೆ ಫೋನು ಮಾಡಿದೆ.

"ರೀ, ಉಪ್ಪಿಟ್ಟಿಗೆ ಯಾವ ಡಬ್ಬಿ ತಗೊಂಡ್ರಿ?" ಎಂದು ಅತ್ತೆ ಕೂಗಿದ್ದು ಕೇಳಿಸಿತು.

"ಕಣ್ಣೆದುರು ಇದ್ದದ್ದು. ಯಾಕೆ, ಚೆನ್ನಾಗಿ ಸಿಡೀತಲ್ಲ!"

"ಅತ್ತೆ, ಅವರಿಗೇನಾದ್ರೂ ಆದ್ರೆ?"

"ಏನೂ ಆಗಲ್ಲ ಕಣೆ, ನಾನೇ ತಿಂದು ನೋಡಿದೀನಿ. ಅವರೆಷ್ಟು ತಿಂದ್ರು?"

"ಎರಡೆರಡು ಪ್ಲೇಟು."

"ಹಾಗಾದ್ರೆ ಚಿತ್ರ ಒಳ್ಳೇ ಸ್ಪಷ್ಟವಾಗಿ ಬರುತ್ತೆ!"

ಸಭಾಂಗಣಕ್ಕೆ ಓಡಿದೆ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಅವರ ಬಾಯಿಂದ ಬೆಳಕು ಹೊರಟು ಗೋಡೆಯ ಮೇಲೆ 'ಸಸ್ಯಶಾಸ್ತ್ರ ವಿಭಾಗಕ್ಕೆ ಸುಸ್ವಾಗತ' ಎಂದು ಬಿತ್ತು. ಅವರು ಹಿಂತಿರುಗಿ ನೋಡಿದರು. ಸ್ಲೈಡೂ ಅವರೊಂದಿಗೇ ತಿರುಗಿತು.

"ಇದೇನ್ರೀ ಇದು! ಈ ವಿಭಾಗಕ್ಕೆ ಯಾವ ಹುಡುಗೀರು ಸೇರ್ತಾರೆ?" ಎಂದರು ಕುಸುಮಾವತಿ. ತಕ್ಷಣ ಅವರ ಬಾಯಿಂದಲೇ ವರ್ಷವರ್ಷವೂ ಏರುತ್ತಿದ್ದ ನಮ್ಮ ದಾಖಲಾತಿಯ ನಕ್ಷೆ ಬಿತ್ತು.

"ನನ್ನ ಬಾಯಿಂದ ನಾನು ಒಪ್ಪದ ಅಂಕಿ ಬರ್ತಿದೆಯಲ್ರೀ!"

"ಮೇಡಂ, ಸ್ವಲ್ಪ ಬಾಯಿ ತೆಗೆದೇ ಇರಿ," ಎಂದರು ಅಧ್ಯಕ್ಷರು. "ಕೊನೇ ಸಾಲು ಓದಿಲ್ಲ."

ನಾನು ಕೋಲು ಹಿಡಿದು ವಿವರಿಸುತ್ತಾ ಹೋದೆ. ಬೇರೆ ಬೇರೆ ಫೈಲುಗಳಲ್ಲಿ ಚದುರಿದ್ದ ಸ್ಲೈಡುಗಳು ಪ್ರಶ್ನೆಗೆ ತಕ್ಕಂತೆ ಒಂದೊಂದಾಗಿ ಬಂದವು. ಅತ್ತೆಯ ಜಾಣತನ ನೋಡಿ, ಹೊಟ್ಟೆ ಸೇರಿದ ಮೇಲೂ ಅವು ಸಾಲು ತಪ್ಪಲಿಲ್ಲ! ಎತ್ತಬೇಕೆಂದಿದ್ದ ಆಕ್ಷೇಪಗಳಿಗೆಲ್ಲ ತಾವೇ ಉತ್ತರ ಕೊಟ್ಟು ಸುಸ್ತಾದ ಕುಸುಮಾವತಿ ಬಾಯಿ ಮುಚ್ಚಿದರು. ಅಧ್ಯಕ್ಷರು ಬಿಕ್ಕಳಿಸಿದರು. ವಂದನಾರ್ಪಣೆಯೂ ಆಯಿತು.

ವಿಭಾಗ ಉಳಿಯಿತು.

ಅಲ್ಲಿಂದ ಇಬ್ಬರೂ ಉಳಿದ ಕಾಲೇಜುಗಳ ತಪಾಸಣೆಗೆ ಹೋದರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಧ್ಯಕ್ಷರು ಆಕಳಿಸಿದಾಗ ಗೋಡೆಯ ಮೇಲೆ ಅಮೃತಬಳ್ಳಿ ಹಬ್ಬಿತಂತೆ. ಕಾನೂನು ಕಾಲೇಜಿನಲ್ಲಿ ಕುಸುಮಾವತಿ ಸೀನಿದಾಗ ನೆಲನೆಲ್ಲಿಯ ಬೇರು ಕಂಡಿತಂತೆ. ಇದು ಮೇಲಿನವರ ಸೂಚನೆ ಎಂದು ತಿಳಿದ ಪ್ರಾಂಶುಪಾಲರು ಅಲ್ಲೆಲ್ಲ ಔಷಧಿವನ ಮಾಡಿಸುತ್ತಿದ್ದಾರೆ.

ಸಮಿತಿಯ ವರದಿ ಮೊನ್ನೆ ಬಂತು. 'ವಿಷಯವು ನೇರವಾಗಿ ನಮ್ಮ ಮನಸ್ಸಿಗಿಳಿಯಿತು' ಎಂದು ಬರೆದಿದ್ದಾರೆ. ಇಳಿದ ಜಾಗದ ಹೆಸರು ತಪ್ಪಾಗಿದೆ, ತಿದ್ದಲು ಹೋಗಲಿಲ್ಲ.