ಧಾರಾವಾಹಿ ತೋಳಿನ ಜಂಪರ

ಹೊಲಿಗಿ ಮಷಿನ್ ಮುಂದ ಕುಂತಾಕಿಗಿ ನಗೀಗಿ ಬರ ಇಲ್ಲ ನೋಡ್ರಿ. ರಬಕವಿಯಾಗ ನಾ ಜಂಪರ ಹೊಲ್ಯಾಕ ಹತ್ತಿ ಇಪ್ಪತ್ತ ವರ್ಷಾತು. ಅಳತಿ ಕೊಡಾಕ ಬಂದಾಕಿ ಮನಿ ಸುದ್ದಿ ಹೇಳದ ಹೋಗಾಂಗಿಲ್ಲ, ನಾ ನಗದ ಕಳಸಾಂಗಿಲ್ಲ. ಆದ್ರ ಹ್ವಾದ ವರ್ಷ ಒಂದ ತೋಳು ನನ್ನ ಜೀವಾ ತಿಂತು. ಅದನ್ನ ಹೇಳಾಕಬೇಕು.

ಫೋಟೋ ತಂದ ಗೌಡಶಾನಿ

ನಮ್ಮೂರ ಗೌಡರ ಹೆಂಡ್ತಿ ಗೌಡಶಾನಿಯವರಿಗಿ ಹಿಪ್ಪರಗಿ ಕಡೆ ಕಬ್ಬಿನ ಹೊಲ, ಊರಾಗ ದೊಡ್ಡ ಮನಿ. ಒಂದಿನ ಬಂದು ಕುರ್ಚಿ ಮ್ಯಾಲ ಕುಂತು ಮೊಬೈಲ್ ತೋರಿಸಿದ್ರು. ರಾತ್ರಿ ಧಾರಾವಾಹಿ ನಾಯಕಿ ಫೋಟೋ. ತೋಳಿಗಿ ಜಾಳಿಗಿ ಬಟ್ಟಿ, ಅಂಚಿಗಿ ಮುತ್ತು, ಬೆನ್ನಮ್ಯಾಲ ಗೊಂಡೆ.

"ಇಂಥಾದ್ದ ಬೇಕು. ಮತ್ತ ಈ ತೋಳು ಊರಾಗ ಇನ್ನೊಬ್ಬಾಕಿಗಿ ಹೊಲೀಬಾರದು."

"ಅಕ್ಕಾರ, ಧಾರಾವಾಹಿ ಊರ ಮಂದೆಲ್ಲಾ ನೋಡ್ತಾರಲ್ರಿ."

"ನೋಡ್ಲಿ. ನೋಡಾಕ ನಾ ಬ್ಯಾಡ ಅಂದೇನೇನು?"

ಆತು ಅಂತ ಮಾತ ಕೊಟ್ಟೆ. ಹಳೇ ಗಿರಾಕಿ, ಇಲ್ಲ ಅನ್ನಾಕ ಬಾಯಿ ಬರಲಿಲ್ಲ.

ಖಾಲಿ ಕುರ್ಚಿ

ಅದ ವಾರ ವಿಶ್ವವಿದ್ಯಾಲಯದಿಂದ ಒಬ್ಬಾಕಿ ಹುಡುಗಿ ಬಂದ್ಲು. ಮಾನವಶಾಸ್ತ್ರ ಓದತಾಳಂತ. ಟಿವಿ, ಮೊಬೈಲ್ ನೋಡಿ ಬಡವರು, ಶ್ರೀಮಂತರು ಹೆಂಗ ಬದಲಾಗ್ಯಾರ ಅಂತ ಬರಕೊಳ್ಳೂದು ಆಕಿ ಕೆಲಸ. ನನ್ನ ಅಂಗಡಿ ಮೂಲ್ಯಾಗ ನೋಟಬುಕ್ ಹಿಡಕೊಂಡ ಕುಂತ್ಲು.

ಅಷ್ಟರಾಗ ಗೌಡಶಾನಿ ಮನ್ಯಾಗ ಭಾಂಡೆ ತಿಕ್ಕೂ ಕಾಕು ಬಂದು ಹೊಸ್ತಿಲ ಮ್ಯಾಲ ಕುಂತ್ಲು. ಹುಡುಗಿ ಕೇಳಿದ್ಲು: "ಕಾಕು, ಕುರ್ಚಿ ಖಾಲಿ ಐತಲ್ಲ, ಯಾಕ ಕುಂದ್ರಾಂಗಿಲ್ಲ?"

"ಅದು ಗೌಡಶಾನಿಯವರು ಕುಂದ್ರೂ ಕುರ್ಚಿ, ತಂಗಿ."

ನನಗ ಸಿಟ್ಟ ಬಂತು. "ಕುರ್ಚಿ ನಂದು. ಬನಹಟ್ಟಿಯಿಂದ ನಾನ ತಂದದ್ದು."

"ಹಂಗಾರ ನೀವ್ಯಾಕ ಸ್ಟೂಲ್ ಮ್ಯಾಲ ಕುಂತೀರಿ ಅಕ್ಕ?" ಅಂತ ಹುಡುಗಿ ನನ್ನ ಕಡೆ ತಿರುಗಿದ್ಲು.

ಇಪ್ಪತ್ತ ವರ್ಷದಾಗ ನಾನೂ ಅದರ ಮ್ಯಾಲ ಒಂದಿನ ಕುಂತಿಲ್ಲ. ಮಷಿನ್ ತುಳದೆ. ಹುಡುಗಿ ಒಂದ ಪುಟ ತುಂಬ ಬರಕೊಂಡ್ಲು.

ತೋಳು ಒಂದ, ಕೇಳಾವ್ರು ಇಬ್ಬರು

ಕಾಕು ಸೆರಗಿನಾಗಿಂದ ಮಗಳ ಮೊಬೈಲ್ ತೆಗದ್ಲು. ಅದ ನಾಯಕಿ, ಅದ ತೋಳು.

"ಮುಂದಿನ ಐತವಾರ ಮಗಳ ನಿಶ್ಚಯ ಐತಿ. ಮುಧೋಳದವರು ಬರ್ತಾರ. ಇದ್ನ ಹಾಕೋತೀನಿ ಅಂತ ಹಟ ಹಿಡದಾಳ. ಎರಡ ಸಂಬಂಧ ಮುರದಾವ, ಇದಾದ್ರೂ ಕೂಡ್ಲಿ ನಮ್ಮವ್ವ."

ಹೊಲದ್ರ ಗೌಡಶಾನಿ ಸಿಟ್ಟಿಗಿ ಕಾಕು ಕೆಲಸ ಹೋಗತೈತಿ. ಹೊಲೀಲಿಲ್ಲಂದ್ರ ಹುಡುಗಿ ಮಾರಿ ಬಾಡತೈತಿ. ಗೌಡಶಾನಿದು ಹೊಲದ ಮುಗಿಸಿ, ಕಾಕು ಮಗಳದಕ್ಕ ಎರಡ ದಿನ ಕತ್ತರಿ ಹಿಡದಾಕಿ ಹಂಗ ಕುಂತೆ. ನಿಶ್ಚಯ ಹತ್ತರ ಬಂತು. ನನ್ನ ಸಂಕಟ ಬಿಡಿಸಿದ್ದು ಕಡೀಕ ಧಾರಾವಾಹಿನ.

ಗೌಡಶಾನಿ ದಡದಡ ಬಂದ್ರು. "ಕತಿ ಕೆಟ್ಟೈತಿ. ನಾಯಕಿ ಆಸ್ತಿ ಕಳಕೊಂಡು ಮತ್ತೊಬ್ಬರ ಮನ್ಯಾಗ ಕೆಲಸಕ್ಕ ನಿಂತಾಳ. ಅದ ಜಂಪರ ಹಾಕ್ಕೊಂಡು ನೆಲಾ ಒರಸಾಕತ್ತಾಳ. ನನಗ ಬ್ಯಾಡ ಅದು."

"ಹೊಲದ ಆಗೇತ್ರಿ ಅಕ್ಕಾರ."

"ಯಾರಿಗರ ಕೊಡು."

"ನಿಮ್ಮ ಕಾಕು ಮಗಳಿಗಿ ಕೊಡ್ಲ್ಯಾ?"

"ಕೊಡು. ನಾ ಉಡಿ ತುಂಬಿದಂಗ ಆತು. ನನಗ ಆ ಧಾರಾವಾಹಿ ಸಾವಕಾರ್ತಿ ಉಡತಾಳಲ್ಲ, ಹಂಗ ಸಾದಾ ಹತ್ತಿ ಸೀರಿ, ಖಣದ ಜಂಪರ ಇರ್ಲಿ. ದೊಡ್ಡ ಮಂದಿ ಈಗ ಹಂಗ ಉಡ್ತಾರ."

ನಮ್ಮ ನೇಕಾರ ಹೆಣ್ಣಮಕ್ಕಳು ಹಳೇದಾತು ಅಂತ ಬಿಟ್ಟ ಸೀರಿ ಅದು. ಗೌಡಶಾನಿಯವರ ಒಂದ ಜಂಪರದ ಹೊಲಿಗಿ ಬಿಚ್ಚಿದೆ. ಮಗಳಿಗೊಂದು, ಕಾಕೂಗೊಂದು ಆಗಿ, ಗೊಂಡೆ ಕಟ್ಟಾಕ ಇನ್ನೂ ಬಟ್ಟಿ ಉಳೀತು.

ಮುಧೋಳದ ಬೀಗತಿ

ನಿಶ್ಚಯದ ದಿನ ಕಾಕು ಮನಿ ಎರಡ ಖೋಲಿಯಾಗ ಕಾಲಿಡಾಕ ಜಾಗ ಇರಲಿಲ್ಲ. ಮಗಳು ಜಾಳಿಗಿ ತೋಳಿನಾಗ ಮುತ್ತಿನಂಗ ಕಾಣತಿದ್ಲು. ಕಾಕೂನೂ ಏನ ಕಡಿಮಿ ಇರಲಿಲ್ಲ. ಅಷ್ಟರಾಗ ಗೌಡಶಾನಿ ಬಂದ್ರು, ಒಬ್ಬರ, ನಡಕೋತ. ಹತ್ತಿ ಸೀರಿ, ಖಣದ ಜಂಪರ, ಕೈಯಾಗ ಎರಡ ಗಾಜಿನ ಬಳಿ, ಕೊಳ್ಳಾಗ ಬರೇ ತಾಳಿ.

ಹುಡುಗನ ಅವ್ವ ಅವರನ್ನ ಮ್ಯಾಲಿಂದ ಕೆಳಗ ನೋಡಿದ್ಲು. "ಏ ಕೆಲಸದ ಬಾಯಿ, ಚಾದ ಕಪ್ಪು-ಬಸಿ ಹಂಗ ಬಿದ್ದಾವ. ಲಗೂನ ತೊಳದ ಕೊಡು."

ಕಾಕು ಮಾರಿ ಬೆಳ್ಳಗಾತು. ಗೌಡಶಾನಿ ಬಾಯಿ ತೆಗದ್ರ ಬೀಗರಿಗಿ ಅವಮಾನ, ಮೂರನೇ ಸಂಬಂಧಾನೂ ಮುರೀತು ಅಂತ ತಿಳಕೊಂಡೆ.

ಗೌಡಶಾನಿ ಕಾಕು ಮಾರಿ ನೋಡಿದ್ರು. ಸೆರಗ ನಡಕ್ಕ ಸಿಗಸಿದ್ರು. "ಎಲ್ಲಿ ಅದಾವ್ರಿ ಕಪ್ಪು?" ಅಂತ ಕೇಳಿ ಹಿತ್ತಲಕ್ಕ ಹೋದ್ರು.

ಹಿಂದಿಂದ ನಾ ಓಡಿದೆ. ಗೌಡಶಾನಿ ಜಲ್ಮದಾಗ ಭಾಂಡೆ ಮುಟ್ಟಿದಾಕಿ ಅಲ್ಲ. ಅರ್ಧಾ ಸಾಬೂನ ಕರಗಿಸಿ, ಒಂದ ಕಪ್ಪಿನ ಹಿಡಿ ಮುರದು, ಮೊಣಕೈತನ ನೊರಿ ಮಾಡಕೊಂಡು ಕುಂತಿದ್ಲು. "ಯಾರಿಗೂ ಹೇಳಬ್ಯಾಡ. ಹುಡುಗಿ ಲಗ್ನ ಆಗ್ಲಿ," ಅಂದ್ಲು. ಆವತ್ತ ಆಕಿ ಮ್ಯಾಲ ನನಗ ಭಾಳ ಪ್ರೀತಿ ಬಂತು. ಕಣ್ಣಾಗ ನೀರೂ ಬಂತು.

ನಿಶ್ಚಯ ಛಲೋ ಆತು. ಹೊಂಡೂ ಹೊತ್ತಿಗಿ ಹುಡುಗನ ಅವ್ವ ಒಂದ ಕಪ್ಪು ಹಿಡಕೊಂಡ ಬಂದ್ಲು. ಒಳಗ ಚಾದ ಕಲಿ ಹಂಗ ಇತ್ತು.

"ಬೀಗತಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕೆಲಸದಾಕಿಗಿ ಭಾಂಡೆ ತಿಕ್ಕಾಕ ಬರಾಂಗಿಲ್ಲ. ಬಿಡಿಸಿಬಿಡ್ರಿ ಆಕಿನ್ನ."

ಕಾಕೂಗ ಸುಳ್ಳ ಹೇಳಿ ಗೊತ್ತಿಲ್ಲ. ಕೈ ಮುಗದ ಅಂದ್ಲು:

"ಹೆಂಗ ಬಿಡಸ್ಲಿರಿ ಬೀಗತಿ, ತಿಂಗಳಾ ತಿಂಗಳಾ ನನಗ ಪಗಾರ ಕೊಡಾವ್ರ ಅವರು."