ನಲ್ಲಿ ಕಾಯುವ ಡಬ್ಬಿ

ನಲ್ಲಿ ಕಾಯುವುದು ಸರಕಾರಿ ನೌಕರಿಯಾಗಿದ್ದರೆ ಇಷ್ಟು ಹೊತ್ತಿಗೆ ನನಗೆ ಬಡ್ತಿ ಸಿಕ್ಕಿರುತ್ತಿತ್ತು. ಆದೋನಿಯ ನಮ್ಮ ಓಣಿಗೆ ನೀರು ದಿನ ಬಿಟ್ಟು ದಿನ, ಅದೂ ತನಗೆ ಮನಸ್ಸಾದ ಹೊತ್ತಿಗೆ ಬರುತ್ತದೆ. ಬಂದೊಡನೆ ಮೋಟರು ಹಾಕದಿದ್ದರೆ ಮೇಲಿನ ಟ್ಯಾಂಕು ಖಾಲಿ. (ನಲ್ಲಿಗೆ ಮೋಟರು ಹಚ್ಚಬಾರದೆಂದು ನನಗೂ ಗೊತ್ತು, ಇಡೀ ಓಣಿಗೂ ಗೊತ್ತು. ಓಣಿ ತುಂಬ ಮೋಟರುಗಳೇ.)

ಹಗಲೆಲ್ಲ ಹತ್ತಿ ಮಿಲ್ಲಿನ ಆಫೀಸಿನಲ್ಲಿ ಕಂಪ್ಯೂಟರಿನ ಚಾಕರಿ ಮಾಡಿ ದಣಿದು ಬರುವ ನಾನು ಒಂದು ಮಹಾಯೋಜನೆ ಹೂಡಿದೆ. ನೀರು ಹರಿದರೆ ತಿರುಗುವ ಪುಟ್ಟ ಚಕ್ರ, ಅದಕ್ಕೊಂದು ಡಬ್ಬಿ, ಡಬ್ಬಿಯೊಳಗೆ ನಾನೇ ಬರೆದ ಪ್ರೋಗ್ರಾಮು: ಚಕ್ರ ತಿರುಗಿದರೆ ಮೋಟರು ಹಾಕು, ನಿಂತರೆ ಆರಿಸು. ಮೋಟರಿನ ಬದಲು ಒಂದು ಬಲ್ಬು ಸಿಕ್ಕಿಸಿ, ಆಫೀಸಿನ ಕೈತೊಳೆಯುವ ನಲ್ಲಿಯಲ್ಲಿ ಪರೀಕ್ಷಿಸಿದೆ. ತಿರುಗಿಸಿದಾಗೆಲ್ಲ ಬಲ್ಬು ಹತ್ತಿತು. ಗುಮಾಸ್ತ ಹರೀಶ ಒದ್ದೆ ಕೈಯಲ್ಲೇ ಕೈಕುಲುಕಿದ.

ಮರುದಿನ ಚಿಪ್ಪಗಿರಿಯಿಂದ ಅತ್ತೆ-ಮಾವ, ಜೊತೆಗೆ ಆಟೋ ತುಂಬ ಬಳಗ ಬರುವುದಿತ್ತು. ಟ್ಯಾಂಕು ತುಂಬಲೇಬೇಕು. ಹೆಂಡತಿ ಲಾವಣ್ಯ ನಲ್ಲಿಯ ಬಳಿ ಚಾಪೆ ಹಾಸಹೊರಟಳು.

“ಡಬ್ಬಿ ಐತಲ್ಲ, ಒಳಗ ಮಲಕೋ,” ಎಂದೆ.

“ಆ ಡಬ್ಬಿ ನಂಬಿ ನಮ್ಮವ್ವನ್ನ ಕರಸ್ಲೇನು?”

“ಆಫೀಸಿನ್ಯಾಗ ಒಂದ್ಸಲನೂ ತಪ್ಪಿಲ್ಲ.”

“ಆಫೀಸಿನ್ಯಾಗ ನೀವೂ ಭಾರಿ ಕೆಲಸ ಮಾಡ್ತೀರಂತ. ಮನ್ಯಾಗ ನಾ ಎಲ್ಲಿ ನೋಡೀನಿ?”

ಬೆಳಗಾಗುವಾಗ ಮೋಟರಿನ ಸದ್ದಿಗೆ ಎಚ್ಚರವಾಗಿ, ಹೆಮ್ಮೆಯಿಂದ ಮಗ್ಗುಲು ಬದಲಿಸಿದೆ. ಎರಡನೆಯ ಸಲ ಎಬ್ಬಿಸಿದ್ದು ಸುಟ್ಟ ವಾಸನೆ.

ನಮ್ಮ ನಲ್ಲಿಯಲ್ಲಿ ನೀರಿಗಿಂತ ಮೊದಲು ಬುಸ್ಸೆಂದು ಗಾಳಿ ಬರುತ್ತದೆ. ಆಫೀಸಿನ ಪೈಪು ಎಂದೂ ಬರಿದಾಗದ ಕಾರಣ ಅದಕ್ಕೆ ಈ ಚಾಳಿಯಿಲ್ಲ. ಗಾಳಿಗೆ ಚಕ್ರ ತಿರುಗಿತ್ತು, ಡಬ್ಬಿ ಆಜ್ಞೆ ಪಾಲಿಸಿತ್ತು, ಮೋಟರು ಬರೀ ಗಾಳಿ ಕುಡಿದು ವೀರಮರಣವನ್ನಪ್ಪಿತ್ತು.

“ನಳದಾಗ ಗಾಳಿ ಬರ್ತೈತಂತ ಅದಕ್ಕ ಹೇಳಿದ್ದಿಲ್ಲೇನಪ?” ಎಂದಳು ನನ್ನವ್ವ. (ಹೆಸರಷ್ಟೇ ಮೂಕಮ್ಮ.)

“ಆಫೀಸಿನ್ಯಾಗ ಬರಂಗಿಲ್ಲಬೇ.”

“ಸದಾ ನೀರಿರೋ ಕಡೆ ಓಡೋ ಡಬ್ಬಿನ,” ಎಂದಳು ಲಾವಣ್ಯ, “ನೀರಿಲ್ಲದ ಮನಿಗ್ಯಾಕ ತಂದ್ರಿ?”

ನಾನು ಡಬ್ಬಿಯ ವೈರು ಬಿಚ್ಚತೊಡಗಿದೆ.

ಪಕ್ಕದ ಮನೆಯ ದಸ್ತಗಿರಮ್ಮ ತಮ್ಮ ಮೋಟರು ಕೊಟ್ಟರು, ಡಬ್ಬಿ ಹಚ್ಚಬಾರದೆಂಬ ಷರತ್ತಿನ ಮೇಲೆ. ಡಬ್ಬಿಯ ಜಾಗದಲ್ಲಿ ನನ್ನ ನೇಮಕವಾಯಿತು. ಅಷ್ಟರಲ್ಲಿ ನೀರು ಬಾರದೆ ಗಾಳಿಯೂ ನಿಂತಿತ್ತು. ಬಕೆಟ್ಟು ಬೋರಲು ಹಾಕಿ ಕೂತವನಿಗೆ ಯಾವಾಗ ಕಣ್ಣು ಹತ್ತಿತೋ! ನಲ್ಲಿ ಬುಸ್ಸೆಂದಿತು. ನಾನು ದಡಬಡಿಸಿ ಎದ್ದೆ.

“ನೀರು ಬಂತು! ಮೋಟರ್ ಹಾಕು!”

ಓಣಿಯವರೆಲ್ಲ ಕೊಡ ಹಿಡಿದು ಹೊರಬಂದರು. ಲಾವಣ್ಯ ಸ್ವಿಚ್ಚಿನ ಕಡೆ ಹೋಗಲಿಲ್ಲ. ನಲ್ಲಿಯ ಕೆಳಗೆ ಕೈಯೊಡ್ಡಿ, ಆ ಒಣ ಕೈಯನ್ನು ಅವ್ವನಿಗೆ ತೋರಿಸಿದಳು.

“ಪಾಪ, ಸುಮ್ಮನ ಡಬ್ಬಿನ ಬೈದ್ವಿ ಅತ್ತಿ. ಅದು ಥೇಟ್ ತನ್ನ ಹುಟ್ಟಿಸಿದ ಅಪ್ಪನಂಗ ಐತಿ.”

ಬೀದಿಯ ತಿರುವಿನಲ್ಲಿ ಆಟೋದ ಹಾರನ್ ಕೇಳಿಸಿತು. ಅವಳು ಎರಡು ಕೊಡ ತಂದು ನನ್ನ ಕೈಗಿಟ್ಟಳು.

“ಓಣಿ ತುದಿ ಬೋರಿಂಗಿಗೆ ನಡೀರಿ. ಡಬ್ಬಿಗಿಂತ ನೀವು ಒಂದೀಟು ವಾಸಿ. ನಿಮಗ ಕಾಲು ಅದಾವು.”